ದೋಣಿಯ ನೆಲ ಬಳಿದ ಕತೆ

ಹೆಬ್ಬಗೋಡಿ
೫ ಜುಲೈ ೨೦೦೯, ರವಿವಾರ

ಪ್ರೀತಿಯ ದೋಸ್ತ ಬಸಲಿಂಗನಿಗೆ,

ಯಂಕಪ್ಪ ಮಾಡುವ ನಮಸ್ಕಾರಗಳು. ನಾನು, ಚನ್ನಕ್ಕ, ಗಂಡ-ಹೆಂಡತಿ ಇಬ್ಬರೂ ಆರಾಮ ಇದ್ದೇವೆ. ನೀವೂ ಆರಾಮ ಇದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೇಕಾದಷ್ಟು ಬೈದುಕೋ. ನಡುವೆ ಎರಡು ಸಲ ಫೋನು ಮಾಡಿದೆ, ನಿಜ. ಆದರೆ ಫೋನಿನಲ್ಲಿ ನೀನು ‘ಮತ್ತ?’ ಎನ್ನುತ್ತೀ, ನಾನು ‘ಮತ್ತೇನಿಲ್ಲ’ ಎನ್ನುತ್ತೇನೆ, ಅಷ್ಟರಲ್ಲಿ ಕರೆನ್ಸಿ ಮುಗಿದಿರುತ್ತದೆ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಕಾಲು ಹೇಗಿದೆ? ಬಸ್ಸು ಹತ್ತುವಾಗ ಮೊಣಕಾಲು ಇನ್ನೂ ಹಿಡಿಯುತ್ತದೆಯೇ? ಊರ ಹುಡುಗರು ಈಗಲೂ ನಿನ್ನನ್ನು ‘ಜಿಗ್ಯಾಟದ ಬಸ್ಯಾ’ ಎಂದು ಕರೆಯುತ್ತಾರೆಂದು ಬರೆದಿದ್ದೀ. ನೀನು ನಗುತ್ತಾ ಬರೆದಿರಬೇಕು, ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ನಮ್ಮ ಶೆಡ್ಡಿನಲ್ಲಿ ಇಬ್ಬರೂ ಕೂಡಿ ರಿಪೇರಿ ಮಾಡಿದ ದೋಣಿಯನ್ನು ನೀರಿಗೆ ಇಳಿಸಿದಾಗ, ಕೆರೆಯ ದಂಡೆಯಿಂದ ನೀನು ಅದರೊಳಗೆ ಜಿಗಿದದ್ದು, ನೆಲ ಒಡೆದು ಕಾಲು ತೊಡೆಯ ತನಕ ಒಳಗೆ ಸಿಕ್ಕಿಕೊಂಡದ್ದು ನಿನ್ನೆ ನಡೆದ ಹಾಗಿದೆ. ನೀನು ಊರಿಗೆ ಹೋದ ಮೇಲೆ ಮೇಸ್ತ್ರಿ ನಲ್ಲಪ್ಪ ‘ದೋಣಿಯೊಳಗೆ ಯಾರೂ ಜಿಗಿಯಬಾರದು’ ಎಂದು ಶೆಡ್ಡಿನ ಬಾಗಿಲಲ್ಲಿ ಬೋರ್ಡು ಬರೆಸಿ ಹಾಕಿದ. ಅದು ಹೋದ ತಿಂಗಳ ತನಕ ಅಲ್ಲೇ ಇತ್ತು.

ಈಗ ಇಲ್ಲ. ಅದೇ ಸಂತೋಷದ ಸುದ್ದಿ, ಕೇಳು.

ಶೆಡ್ಡಿನ ಮಾಲೀಕರು ಈಗ ಪಟ್ಟಾಭಿರಾಮ ಸರ್. ಸರ್ಕಾರಿ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು, ಒಳ್ಳೆಯ ಮನುಷ್ಯ. ಕೆಲಸ ಮಾತ್ರ ಅದೇ. ಸುತ್ತ ಹತ್ತು ಮೈಲಿಯಲ್ಲಿ ಒಂದು ಹೊಳೆ ಇಲ್ಲದ ಜಾಗದಲ್ಲಿ ಕೂತು ಹಳೆಯ ಫೈಬರ್ ದೋಣಿಗಳನ್ನು ರಿಪೇರಿ ಮಾಡುತ್ತೇವೆ. ಅದೇ ರೆಸಿನ್ ಅಂಟಿನ ವಾಸನೆ, ಮೈಗೆ ಚುಚ್ಚುವ ಅದೇ ಗಾಜಿನ ಎಳೆ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳದೆ ನಿದ್ದೆ ಬರುವುದಿಲ್ಲ. ಚನ್ನಕ್ಕ ನನ್ನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಾಳೆ.

ಮೇ ತಿಂಗಳ ಕೊನೆಗೆ ಒಂದು ಇಪ್ಪತ್ತು ವರ್ಷದ ದೋಣಿ ಬಂತು. ಮೊದಲು ಯಾವುದೋ ಕೆರೆಯಲ್ಲಿ ಜನರನ್ನು ಸುತ್ತಾಡಿಸುತ್ತಿದ್ದದ್ದು. ಈಗ ಹಿನ್ನೀರಿನ ಕಡೆಯ ಒಂದು ಪಂಚಾಯ್ತಿಯವರು ಕೊಂಡಿದ್ದರು. ಆಚೆ ದಂಡೆಯ ಹನ್ನೊಂದು ಮಕ್ಕಳು ಶಾಲೆಗೆ ಬರಬೇಕಾದರೆ ಇದರಲ್ಲೇ ದಾಟಬೇಕು. ಶಾಲೆ ಶುರುವಾಗಿಬಿಟ್ಟಿತ್ತು, ಅವರು ದಿನಾ ಫೋನು ಮಾಡುತ್ತಿದ್ದರು. ಹೊರಗಿನ ಬಿರುಕುಗಳಿಗೆ ಗಾಜಿನ ಎಳೆಯ ಮ್ಯಾಟು ಹಾಕಿ, ರೆಸಿನ್ ತಿನ್ನಿಸಿ, ಉಜ್ಜಿ ನಯ ಮಾಡಿದೆವು. ಒಳಗಿನ ನೆಲ ನೋಡಲು ಚೆನ್ನಾಗಿಯೇ ಇತ್ತು. ಬಣ್ಣ ಮಾಸಿತ್ತು, ಅಷ್ಟೆ.

ನಲ್ಲಪ್ಪ ಒಂದು ಬೆಳಿಗ್ಗೆ ಸ್ಕೂಟರಿಗೆ ಕಿಕ್ ಹೊಡೆಯುತ್ತಾ ಕೂಗಿದ, “ಯಂಕಪ್ಪ, ನಾನು ಪೀಣ್ಯಕ್ಕೋಗಿ ಸೀಟಿನ ಬೋಲ್ಟ್ ತರ್ತೀನಿ. ಬರೋದ್ರೊಳ್ಗೆ ಒಳಗಡೆ ನೆಲ ಪೂರ್ತಿ ಬಳಿದಿಟ್ಟಿರು. ನಾಳೆ ಲಾರಿ ಬರ್ತದೆ.”

ನಿನಗೀಗಲೇ ನಗು ಬಂದಿರಬೇಕು. ನಮ್ಮ ಕಡೆ ‘ಹೆಂಡಿ ಬಳಿ’ ಎಂದರೆ ಸಗಣಿ ಕೆರೆದು ಎತ್ತಿ ಸ್ವಚ್ಛ ಮಾಡು ಎಂದು. ಇಲ್ಲಿ ‘ಬಳಿ’ ಎಂದರೆ ಬಣ್ಣ ಹಚ್ಚು ಎಂದು. ನಾನು ಬಣ್ಣ ಕೆರೆಯುವ ಅಗಲ ಅಲಗಿನ ಪಟ್ಟಿ ತೆಗೆದುಕೊಂಡು ಕೂತು ನೆಲವನ್ನೆಲ್ಲ ಕೆರೆಯತೊಡಗಿದೆ. ನಡುವೆ ಸೀಟಿನ ಬೋಲ್ಟು ಕೂರುವಲ್ಲಿ ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಬಂತು. ಕೆಳಗಿನ ಪ್ಲೈವುಡ್ಡು ಕಪ್ಪಗೆ ಕೊಳೆತು ಹೋಗಿತ್ತು. ಬೋಲ್ಟಿನ ತೂತಿನಿಂದ ಎಷ್ಟು ವರ್ಷ ನೀರು ಇಳಿದಿತ್ತೋ. ಬೆರಳು ಒತ್ತಿದರೆ ಗೆಣ್ಣಿನ ತನಕ ಒಳಗೆ ಹೋಯಿತು. ಸುತ್ತಲೂ ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋದೆ. ಗಟ್ಟಿ ಇರುವ ಕಡೆ ಟಣ್ ಎನ್ನಬೇಕು. ಅರ್ಧ ದೋಣಿ ದೊಪ್ ದೊಪ್ ಎಂದಿತು.

ಮಧ್ಯಾಹ್ನ ನಲ್ಲಪ್ಪ ಬಂದ. ನೋಡಿದವನೇ ಹೆಲ್ಮೆಟ್ಟನ್ನು ನೆಲಕ್ಕೆ ಕುಕ್ಕಿದ. “ಅಯ್ಯೋ ನಿನ್ ಮನೆ ಕಾಯ್ವೋಗ! ನಾನ್ ಏನ್ ಹೇಳ್ದೆ, ನೀನ್ ಏನ್ ಮಾಡಿಟ್ಟಿದ್ದೀಯ? ನಾಳೆ ಲಾರಿಗೆ ಏನ್ ಹೇಳ್ಲಿ? ನಡಿ, ನಾಳೆಯಿಂದ ಬರ್ಬೇಡ ನೀನು!”

“ನೀವ ಬಳಿ ಅಂದ್ರಲ್ರೀ,” ಎಂದೆ.

“ಬಳಿ ಅಂದ್ರೆ ಬಣ್ಣ ಬಳಿಯೋದ್ ಕಣೋ!”

“ನಮ್ಮ ಕಡೆ ಬಳಿಯೂದಂದ್ರ ಇದರೀ.”

ಗದ್ದಲ ಕೇಳಿ ಪಟ್ಟಾಭಿರಾಮ ಸರ್ ಕನ್ನಡಕ ಏರಿಸುತ್ತಾ ಬಂದರು. ದೋಣಿಯೊಳಗೆ ಬಗ್ಗಿ ಒಂದು ಹಿಡಿ ಪ್ಲೈವುಡ್ಡು ಕಿತ್ತು ಹಿಂಡಿದರು. ನೀರು ತೊಟ್ಟಿಕ್ಕಿತು. ಆಮೇಲೆ ನಲ್ಲಪ್ಪನ ಕೈ ತೆಗೆದುಕೊಂಡು ಅದರಲ್ಲಿ ಆ ಮುದ್ದೆ ಇಟ್ಟರು. “ನಲ್ಲಪ್ಪ, ಹನ್ನೊಂದು ಮಕ್ಕಳು ಇದರ ಮೇಲೆ ಕಾಲಿಡ್ತಿದ್ರು. ಇವನಿಗೆ ನಿಮ್ಮ ಭಾಷೆ ಅರ್ಥ ಆಗದೇ ಇದ್ದಿದ್ದು ನಮ್ಮ ಪುಣ್ಯ ಕಣಯ್ಯ. ಲಾರಿಗೆ ನಾನು ಹೇಳ್ಕೋತೀನಿ.”

ನಲ್ಲಪ್ಪ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ನನಗೂ ಒಂದು ಟೀ ಹೇಳಿದ.

ಹದಿನೆಂಟು ದಿನ ಹಿಡಿಯಿತು. ನೆಲ ಪೂರ್ತಿ ಕತ್ತರಿಸಿ ತೆಗೆದೆವು. ಒಣಗಿಸಿ, ಹೊಸ ಪ್ಲೈವುಡ್ಡು ಕೂರಿಸಿ, ಅಂಚಿನ ತನಕ ಮೂರು ಪದರ ಮ್ಯಾಟು ಹಾಕಿದೆವು. ಪ್ರತಿ ಬೋಲ್ಟಿನ ತೂತಿಗೂ ಒಳಗೆ ರೆಸಿನ್ ಕುಡಿಸಿದೆವು. ಆಮೇಲೆ ಪರೀಕ್ಷೆ. ಮೊದಲು ಜನರ ಭಾರ. ಶೆಡ್ಡಿನವರು, ಪಕ್ಕದ ಲೇತ್ ಅಂಗಡಿಯವರು ಎಲ್ಲ ಸೇರಿ ಹದಿನಾಲ್ಕು ಜನ ಒಳಗೆ ನಿಂತು ಕುಣಿದೆವು. ಬೋರ್ಡು ಬರೆಸಿದ ನಲ್ಲಪ್ಪನೇ “ಜಿಗೀರ್ರೋ, ಇನ್ನೊಂದ್ಸಲ ಜಿಗೀರಿ!” ಎಂದು ಕೂಗಿದ.

ಆಮೇಲೆ ತಳಕ್ಕೆಲ್ಲ ಹೊರಗಿನಿಂದ ಸೀಮೆಸುಣ್ಣ ಉಜ್ಜಿ, ಒಂದು ಟ್ಯಾಂಕರ್ ನೀರು ತರಿಸಿ ದೋಣಿಯೊಳಗೆ ತುಂಬಿಸಿದೆವು. ಒಂದು ಹನಿ ಸೋರಿದರೂ ಸುಣ್ಣದ ಮೇಲೆ ಗೆರೆ ಬೀಳಬೇಕು. ಬೆಳಿಗ್ಗೆಯಿಂದ ಸಂಜೆಯ ತನಕ ಕಾದೆವು. ಒಂದು ಗೆರೆಯೂ ಬೀಳಲಿಲ್ಲ. ಅಷ್ಟರಲ್ಲಿ ಟ್ಯಾಂಕರ್ ಬಂದ ಸುದ್ದಿ ನಮ್ಮ ವಠಾರಕ್ಕೆ ಮುಟ್ಟಿತ್ತು. ಐದು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಚನ್ನಕ್ಕನೇ ಮುಂದಾಗಿ ಹತ್ತು ಮಂದಿ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತರು. “ಕುಡಿಯಕ್ಕಲ್ಲ ಕಣ್ರಮ್ಮ, ಬಟ್ಟೆ ಒಗೆಯಕ್ಕೆ ಮಾತ್ರ!” ಎಂದು ನಲ್ಲಪ್ಪ ಬಡಕೊಳ್ಳುತ್ತಿದ್ದ. ದೋಣಿ ಖಾಲಿ ಮಾಡುವ ಕೆಲಸ ನಮಗೆ ಉಳಿಯಲೇ ಇಲ್ಲ.

ಮರುದಿನ ಲಾರಿ ಬಂತು. ಹೋದ ವಾರ ಪಂಚಾಯ್ತಿಯವರು ಫೋನು ಮಾಡಿ, ಮಕ್ಕಳು ದಿನಾ ದಾಟುತ್ತಿದ್ದಾರೆ, ಒಳಗೆ ಒಂದು ಹನಿ ನೀರು ಬರುತ್ತಿಲ್ಲ ಎಂದರು. ಕೇಳಿ ನನಗೆ ಎಷ್ಟು ಹಗುರಾಯಿತೆಂದರೆ, ಶೆಡ್ಡಿನ ಹಿಂದೆ ಹೋಗಿ ಒಬ್ಬನೇ ಅತ್ತೆ. ನನ್ನ ಕೆಲಸವೂ ಉಳಿಯಿತು. ಈಗ ಯಾವ ದೋಣಿ ಬಂದರೂ ನಲ್ಲಪ್ಪ ಹೇಳುವುದು ಒಂದೇ ಮಾತು: “ಫಸ್ಟು ನಿಮ್ಮೂರ್ ಬಳಿ, ಆಮೇಲ್ ನಮ್ಮೂರ್ ಬಳಿ.” ಆ ಬೋರ್ಡನ್ನು ಅವನೇ ಕಿತ್ತು, ಹಲಗೆಯನ್ನು ರೆಸಿನ್ ಡಬ್ಬಿಗೆ ಮುಚ್ಚಳ ಮಾಡಿದ್ದಾನೆ.

ಪಂಚಮಿಗೆ ಇಬ್ಬರೂ ಊರಿಗೆ ಬರುತ್ತೇವೆ. ನಿನ್ನ ಮಗಳು ಭಾಗ್ಯಶ್ರೀಯ ಜೋಕಾಲಿಗೆ ಗಟ್ಟಿ ಹಗ್ಗ ತರುತ್ತೇನೆ. ಅವಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ಅವ್ವನಿಗೆ ನನ್ನ ಶರಣು ಹೇಳು.

ನಿನ್ನ
ಯಂಕಪ್ಪ

ತಾ.ಕ.: ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸು ಬಂದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹನ್ನೊಂದು ವರ್ಷ ಈ ಊರಲ್ಲಿದ್ದವನಿಗೆ ‘ಬಳಿ’ ಎಂದರೇನೆಂದು ತಿಳಿಯದೇ? ನಲ್ಲಪ್ಪ ಯಾವ ಬಳಿ ಹೇಳಿದನೆಂದು ನನಗೆ ಗೊತ್ತಿತ್ತು. ಬಣ್ಣದ ರೋಲರ್ ಹಿಡಿದು ಒಳಗೆ ಕಾಲಿಟ್ಟೆ, ನೆಲ ಬೆರಳಿನ ದಪ್ಪದಷ್ಟು ತಗ್ಗಿ ಮತ್ತೆ ಎದ್ದಿತು. ಇದು ಕೊಳೆತಿದೆ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಅದಕ್ಕೇ ಹೆಡ್ಡನಾದೆ.

ಹೇಗೆ ಗೊತ್ತೆಂದು ನಿನಗೆ ಹೇಳುತ್ತೇನೆ. ನಿನ್ನ ಕಾಲು ಸಿಕ್ಕಿಕೊಂಡ ದೋಣಿಯ ನೆಲಕ್ಕೆ ಹಿಂದಿನ ದಿನ ಬಣ್ಣ ಬಳಿದವನು ನಾನು. ಅದೂ ಹೀಗೆಯೇ ತಗ್ಗಿ ಎದ್ದಿತ್ತು. ಚನ್ನಕ್ಕ ಮದುವೆಯಾದ ಮೇಲೆ ಮೊದಲ ಸಲ ಈ ಊರಿಗೆ ಬರುವವಳಿದ್ದಳು, ನಾನು ಬೇಗ ಬಸ್‌ಸ್ಟ್ಯಾಂಡಿಗೆ ಹೋಗಬೇಕಿತ್ತು. ಯಾರಿಗೂ ಹೇಳದೆ ಮೇಲೆ ಇನ್ನೊಂದು ಕೈ ಬಳಿದು ಹೋದೆ. ಆಸ್ಪತ್ರೆಯಲ್ಲಿ ಎಲ್ಲರೂ ನಿನ್ನನ್ನು ‘ಯಾಕ ಜಿಗದಿ’ ಎಂದು ಬೈದರು. ನಾನೂ ಬೈದೆ.

ಪರೀಕ್ಷೆಯ ದಿನ ಎಲ್ಲರೂ ಇಳಿದ ಮೇಲೆ ನಾನು ಡ್ರಮ್ಮಿನ ಮೇಲೆ ಹತ್ತಿ ಒಬ್ಬನೇ ದೋಣಿಯೊಳಗೆ ಜಿಗಿದೆ. ನೀನು ಜಿಗಿದದ್ದಕ್ಕಿಂತ ಎತ್ತರದಿಂದ. ನೆಲ ಅಲುಗಲಿಲ್ಲ. ಗಟ್ಟಿ ನೆಲ ಜಿಗಿದರೆ ಒಡೆಯುವುದಿಲ್ಲ, ಬಸಲಿಂಗ. ನಿನ್ನದೇನೂ ತಪ್ಪಿರಲಿಲ್ಲ. ಇನ್ನು ಯಾರಾದರೂ ನಿನ್ನನ್ನು ಜಿಗ್ಯಾಟದ ಬಸ್ಯಾ ಎಂದರೆ ಈ ಕಾಗದ ತೋರಿಸು. ಪಂಚಮಿಗೆ ನಾನು ಬರಲೋ ಬೇಡವೋ, ಒಂದು ಮಾತು ಬರೆ.