ದೀಪ ಹಾಕುವ ಮೊದಲೇ ಓದಿದವನು

ಅಣ್ಣಾ,

ದೇವನಹಳ್ಳಿಯಲ್ಲಿ ಕ್ಯಾಬ್ ಡ್ರೈವರುಗಳ ಕಣ್ಣು ಪರೀಕ್ಷಿಸುತ್ತಿದ್ದೇನೆ. ಕ್ಯೂನಲ್ಲಿ ನಿಂತೇ, ತಮಗಿಂತ ಮುಂದೆ ನಿಂತವರು ಓದುವ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಇವತ್ತು ಭಾನುಪ್ರಕಾಶ್ ಎಂಬಾತ ನಾನು ಬೋರ್ಡಿನ ದೀಪ ಹಾಕುವ ಮೊದಲೇ ಕೊನೆಯ ಸಾಲು ಒಪ್ಪಿಸಿಬಿಟ್ಟ. ಸಂಶೋಧನೆಗೆಂದು ಬಂದಿರುವ ಹೊಸ ಯಂತ್ರ ಏನನ್ನೂ ಓದಿಸುವುದಿಲ್ಲ, ಕಣ್ಣಿನ ಹಿಂದಿನ ನರವನ್ನೇ ನೋಡುತ್ತದೆ. ಅವನ ನರ ಒಣಗುತ್ತಿದೆ. ಪಕ್ಕದಿಂದ ಬರುವ ಗಾಡಿ ಅವನಿಗೆ ಕಾಣದು.

“ಬೋರ್ಡ್ ಓದಿದ್ನಲ್ಲ ಮೇಡಂ, ಪ್ಯಾಸೆಂಜರ್ ಕಾಯ್ತಾವ್ರೆ” ಎಂದು ಕೀ ಹಿಡಿದು ಎದ್ದ. ಬಾಗಿಲಿಗೆ ಅಡ್ಡ ನಿಂತೆ. ಕೀ ಇಸಿದುಕೊಂಡ ಮೇಲೇ ದಾರಿ ಬಿಟ್ಟೆ.

ಬಸ್ ಡ್ರೈವರ್ ಕೆಲಸಕ್ಕೆ ಸೇರಿದ ದಿನ ನೀನೂ ಬಾಯಿಪಾಠ ಮಾಡಿದ್ದ ಬೋರ್ಡಿನ ಅದೇ ಕೊನೆಯ ಸಾಲನ್ನು ಊಟಕ್ಕೆ ಕೂತು ಹಾಡಿ ನಗಿಸಿದ್ದೆ. ಇನ್ನು ಸ್ಟೇರಿಂಗ್ ಹಿಡಿಯುವ ಮೊದಲು ಇಲ್ಲಿಗೆ ಬಾ. ಫೋನಿನಲ್ಲಿ ಹೇಳಿದರೆ ನಕ್ಕುಬಿಡುತ್ತೀಯ. ಅತ್ತಿಗೆಯೂ ಓದಲಿ ಎಂದೇ ತೆರೆದ ಅಂಚೆ ಕಾರ್ಡಿನಲ್ಲಿ ಬರೆದಿದ್ದೇನೆ.

ಕೀರ್ತನ