ಬಾಬಾ ಹೇಳಿದ್ದ ಮಾತು

ಬಾಬಾ,

ಶುಕ್ರವಾರದ ಊಟಕ್ಕೆ ನಿನ್ನ ತಮ್ಮ ಕೆರಾಮತ್ ಚಿಕ್ಕಪ್ಪ ಅಬಾದಾನಿನ ನಮ್ಮ ಮನೆಗೆ ಬಂದಿದ್ದರು. ಇರಾನಿನ ಎಣ್ಣೆ ಬಾವಿಗಳನ್ನು ದೇಶದ ಸೊತ್ತಾಗಿಸಿದ ಪ್ರಧಾನಿಯನ್ನು ಅರವತ್ತು ವರ್ಷದ ಹಿಂದೆ ಉರುಳಿಸಿದ್ದು ತಾವೇ ಎಂದು ಅಮೆರಿಕದ ಗೂಢಚಾರರು ಒಪ್ಪಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಚಿಕ್ಕಪ್ಪನ ಕೈ ತಟ್ಟೆಯಲ್ಲೇ ನಿಂತಿತು.

ನೀನು ದುಡಿಯುತ್ತಿದ್ದ ಎಣ್ಣೆ ರಿಫೈನರಿಯ ಗೇಟಿನ ಮುಂದೆ ಆ ಕಾಲದಲ್ಲೇ ಅದನ್ನೇ ಕೂಗಿ ಹೇಳಿ ನೀನು ಜೈಲಿಗೆ ಹೋಗಿದ್ದೆ. ಕೆಲಸ ಕಳೆದುಕೊಂಡು ಸಾಯುವವರೆಗೂ ಬಜಾರಿನಲ್ಲಿ ಖರ್ಜೂರ ಮಾರಿದೆ. "ನಮ್ಮ ಬೀದಿ ಜಗಳಕ್ಕೆ ಅಮೆರಿಕದವನು ಯಾಕಣ್ಣ ಬರ್ತಾನೆ?" ಎಂದು ಚಿಕ್ಕಪ್ಪ ಅಣಕಿಸುತ್ತಿದ್ದರೆ ನಾವೆಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದೆವು.

"ಅಣ್ಣ ಹೇಳಿದ್ದೇ ನಿಜ ಕಣಮ್ಮ," ಎಂದರು ಚಿಕ್ಕಪ್ಪ ಈಗ ಮೆಲ್ಲಗೆ.

"ಜೋರಾಗಿ ಹೇಳಿ ಚಿಕ್ಕಪ್ಪ. ಮಕ್ಕಳಿಗೂ ಕೇಳಲಿ."

ಅವರು ಜೋರಾಗಿಯೇ ಹೇಳಿದರು. "ಜೈಲಿಗೆ ನೋಡೋಕೆ ಹೋದಾಗ, ತಪ್ಪಾಯ್ತು ಅಂತ ಒಂದು ಸಹಿ ಹಾಕು, ಬಿಡ್ತಾರೆ ಅಂದೆ. ಪುಣ್ಯಾತ್ಮ ಹಾಕಲೇ ಇಲ್ಲ."

ನನ್ನ ಮೊಮ್ಮಗಳು ಗೊಲ್ನಾರ್ ತಲೆಯೆತ್ತಿದಳು. ನಾಲ್ಕು ವರ್ಷದ ಹಿಂದಿನ ಚುನಾವಣೆಯಲ್ಲಿ ತನ್ನ ಓಟು ಎಲ್ಲಿ ಹೋಯಿತೆಂದು ಬೀದಿಗಿಳಿದು ಕೇಳಿ ಜೈಲು ಕಂಡು ಬಂದವಳು ಅವಳು.

"ನನಗೂ ಹಾಗೇ ಅಂದ್ರು ತಾತ. ನಾನೂ ಹಾಕಲಿಲ್ಲ."

ಎಂಬತ್ತು ದಾಟಿದ ಚಿಕ್ಕಪ್ಪ ಗೋಡೆ ಹಿಡಿದು, ದೊಡ್ಡವರು ಬಂದಾಗ ಏಳುವಂತೆ, ಅವಳಿಗಾಗಿ ಎದ್ದು ನಿಂತರು. ಬಾಬಾ, ಈ ಸಲ ನಾನೂ ಎದ್ದು ನಿಂತೆ.

ನಿನ್ನ ಮಗಳು,
ಫರ್ಖಂದೆ