ಹಗಲಯ್ಯನನ್ನು ಸಾಣೆಗೆ ಕೂರಿಸಿದ್ದು

ಭಾನುವಾರ, ಮಾರ್ಚ್ ೧೬

ಅಮ್ಮನಿಗೆ ಮಗಳ ಪ್ರೀತಿ.

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲಾದರೆ ಊಟ ಆಯ್ತಾ, ಕೆಮ್ಮು ಕಡಿಮೆಯಾಯ್ತಾ ಎನ್ನುವಷ್ಟರಲ್ಲಿ ನಮ್ಮಿಬ್ಬರ ಮಾತೂ ಮುಗಿದುಹೋಗುತ್ತದೆ. ಆಮೇಲೆ ಯಾರು ಮೊದಲು ಇಡಬೇಕು ಎಂಬ ಮುಜುಗರ ಬೇರೆ. ಅದರ ನಡುವೆ ತೂರಿಸುವ ವಿಷಯ ಇದಲ್ಲ.

ಏನು ಕೆಲಸ ಮಾಡ್ತೀಯ ಎಂದು ನೀನು ಕೇಳಿದಾಗಲೆಲ್ಲ ಕಂಪ್ಯೂಟರ್ ಕೆಲಸ ಎಂದು ತೇಲಿಸಿಬಿಟ್ಟಿದ್ದೇನೆ. ನಿಜ ಹೇಳುತ್ತೇನೆ, ನಗಬೇಡ. ನಾನು ದೇವರುಗಳನ್ನು ಮಾಡುತ್ತೇನೆ. ನಮ್ಮದು ಒಂಬತ್ತು ಜನರ ಕಂಪನಿ. ಕೆಳಗೆ ಮುದ್ರಣಾಲಯ, ಮೇಲೆ ನಾವು. ಅವರ ಯಂತ್ರ ಶುರುವಾದರೆ ನಮ್ಮ ಲೋಟದ ನೀರು ನಡುಗುತ್ತದೆ. ಅಲ್ಲಿ ವಿಡಿಯೋ ಗೇಮ್ ಒಂದನ್ನು ಕಟ್ಟುತ್ತಿದ್ದೇವೆ. ಅದರಲ್ಲೊಂದು ಕಲ್ಪನೆಯ ನಾಡು, ಆ ನಾಡಿನ ಹೊಳೆಗೆ, ಕಾಡಿಗೆ, ಗಾಳಿಗೆ ಒಬ್ಬೊಬ್ಬ ದೇವರು. ಅವರ ಸ್ವಭಾವ, ಶಕ್ತಿ, ಆಡುವ ಮಾತು ಎಲ್ಲ ಬರೆಯುವವಳು ನಾನು. ಹೊಳೆಯ ದೇವತೆ ಸಲೀಸಾಗಿ ಬಂದಳು. ಗಾಳಿಯವನು ವಾರದಲ್ಲಿ ಮುಗಿದ. ಸೂರ್ಯನ ಹತ್ತಿರ ಬಂದು ಸಿಕ್ಕಿಬಿದ್ದೆ.

ಓದಲಿಲ್ಲವೆಂದಲ್ಲ. ಮೂರು ತಿಂಗಳು ಜಗತ್ತಿನ ಸೂರ್ಯದೇವರನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದೆ. ಒಬ್ಬನಿಂದ ರಥ, ಇನ್ನೊಬ್ಬನಿಂದ ಚಿನ್ನದ ಕಿರೀಟ, ಮತ್ತೊಬ್ಬನಿಂದ ಎಲ್ಲವನ್ನೂ ನೋಡುವ ಕಣ್ಣು, ಹೀಗೆ ಎಲ್ಲರಲ್ಲೂ ಒಳ್ಳೆಯದನ್ನೇ ಆರಿಸಿ ಒಬ್ಬನಿಗೆ ತೊಡಿಸಿದೆ. ಅವನು ಸೋಲುವುದಿಲ್ಲ, ತಪ್ಪುವುದಿಲ್ಲ, ದಣಿಯುವುದಿಲ್ಲ. ಮೊದಲು ಬೇಡವೆಂದವಳು ಚಿತ್ರ ಬರೆಯುವವಳು. "ಏಳು ಕುದುರೆ ತೆಗಿ. ನನ್ನ ಅಜ್ಜಿ ದಿನಾ ಬೆಳಗ್ಗೆ ಅವನಿಗೆ ಕೈ ಮುಗೀತಾಳೆ. ಅವನ ಮೇಲೆ ಆಟಗಾರರು ಕತ್ತಿ ಬೀಸೋ ಹಾಗೆ ನಾನು ಬರೆಯಲ್ಲ," ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಜನ ಪೂಜಿಸುವವನನ್ನು ಹಾಗೇ ಎತ್ತಿ ತರುವುದು ಬೇಡವೆಂದು ರಥ ಬಿಡಿಸಿ ಬರಿಗಾಲಲ್ಲಿ ನಡೆಸಿದೆ, ಹೆಸರು ಬದಲಿಸಿ ಹಗಲಯ್ಯ ಎಂದಿಟ್ಟೆ. ಆದರೂ ಜೀವ ಬರಲಿಲ್ಲ.

ಆಟವನ್ನು ಆಡಿ ತಪ್ಪು ಹುಡುಕುವುದಕ್ಕೆಂದೇ ಒಬ್ಬಳಿದ್ದಾಳೆ, ಟೆಸ್ಟರ್. ಮುಖ ಮೋರೆ ನೋಡದೆ ಮಾತಾಡುವವಳು. ಹಗಲಯ್ಯನ ಮುಂದೆ ಹತ್ತು ನಿಮಿಷ ಕೂತು ಆಕಳಿಸಿದಳು.

"ಚೆನ್ನಾಗಿದಾನೆ. ಆದ್ರೆ ಇವನಿಗೆ ನನ್ನಿಂದ ಏನಾಗ್ಬೇಕು? ಎಲ್ಲಾ ಇದೆಯಲ್ಲ ಇವನ ಹತ್ರ."

ನಮ್ಮ ಯಜಮಾನರು ಹತ್ತು ದಿನ ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ಸೂರ್ಯನನ್ನು ಬಿಟ್ಟು, ಬೆಂಕಿ ಉಗುಳುವ ಯಾವುದಾದರೂ ಪ್ರಾಣಿ ಹಾಕೋಣ ಎಂದರು. ಎರಡು ವರ್ಷದ ನನ್ನ ಕಥೆಯೆಲ್ಲ ಆ ಸೂರ್ಯನ ಸುತ್ತಲೇ ಇತ್ತು. ಅವನು ಹೋದರೆ ನಾನೂ ಹೋದಂತೆಯೇ.

ಮತ್ತೆ ಪುಸ್ತಕ ತೆಗೆದೆ. ಈ ಸಲ, ಮೊದಲು ಹಾರಿಸಿಬಿಟ್ಟಿದ್ದ ಮನೆವಾರ್ತೆಯ ಭಾಗಗಳನ್ನೇ ಓದಿದೆ. ಈಜಿಪ್ಟಿನವರ ಸೂರ್ಯ ಬೆಳಗ್ಗೆ ಎಳೆಯ, ಸಂಜೆಗೆ ಮುದುಕ. ಜಪಾನಿನ ಸೂರ್ಯದೇವಿ ತಮ್ಮನ ಉಪಟಳಕ್ಕೆ ಬೇಸತ್ತು ಗುಹೆ ಸೇರಿಕೊಂಡಳು. ಹೊರಗೆ ದೇವತೆಗಳು ನಗುವ ಸದ್ದು ಕೇಳಿ, ಏನದು ಎಂದು ಇಣುಕಿದಳು. ಉತ್ತರದ ಚಳಿನಾಡಿನವರ ಸೂರ್ಯದೇವಿಯ ಹಿಂದೆ ಸದಾ ಒಂದು ತೋಳ. ಒಬ್ಬರಿಗೂ ನೆಮ್ಮದಿಯಿಲ್ಲ. ಅದಕ್ಕೇ ಅವರ ಕಥೆ ಉಳಿದಿದೆ ಅನ್ನಿಸಿತು.

ಆಮೇಲೆ ನಮ್ಮ ಸಂಜ್ಞೆಯ ಕಥೆಗೆ ಬಂದೆ. ಗೊತ್ತಿದ್ದದ್ದೇ. ಗಂಡನ ತೇಜಸ್ಸು ತಾಳಲಾರದೆ, ತನ್ನ ನೆರಳಾದ ಛಾಯೆಯನ್ನು ಮನೆಯಲ್ಲಿ ಬಿಟ್ಟು ಸಂಜ್ಞೆ ಹೊರಟುಹೋದಳು. ಅವಳ ಅಪ್ಪ ವಿಶ್ವಕರ್ಮ ಸೂರ್ಯನನ್ನು ಸಾಣೆಗೆ ಹಿಡಿದು ಆ ತೇಜಸ್ಸಿನಲ್ಲಿ ಎಂಟನೆಯ ಒಂದು ಪಾಲು ತೆಗೆದ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಸಂಜ್ಞೆಯ ಮೇಲೆ ಸಿಟ್ಟಿತ್ತು. ಮಕ್ಕಳನ್ನು ಬಿಟ್ಟು ಹೋದಳಲ್ಲ ಎಂದು. ಮೊನ್ನೆ ಓದುವಾಗ ಅವಳಿಗೆ ಎಷ್ಟು ಸೆಕೆಯಾಗಿದ್ದಿರಬೇಕು ಎನ್ನುವುದೇ ತಲೆಯಲ್ಲಿ ಕೂತಿತು.

ನಮ್ಮ ಮನೆಯ ಮೆಟ್ಟಿಲ ಮೇಲೆ ಅರವತ್ತು ಜೊತೆ ಚಪ್ಪಲಿ ಇರುತ್ತಿದ್ದವು, ನೆನಪಿದೆಯಾ? ಅಪ್ಪನ ಗಣಿತದ ಪಾಠಕ್ಕೆ ಬರುವವರದು. ನಡುಮನೆಯೆಲ್ಲ ಅವರ ದನಿ. ನೀನು ಅಡುಗೆಮನೆಯಲ್ಲಿ ನಿಂತೇ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಪ್ಪನ ಹೆಸರಿನಲ್ಲಿ ಬಂದ ಆ ಗಣಿತದ ಪುಸ್ತಕದ ಅರ್ಧ ಲೆಕ್ಕ ಬಿಡಿಸಿದವಳು ನೀನು. ಒಂದು ದಿನ ಎಲ್ಲರ ಮುಂದೆ ಅಪ್ಪ, "ಇವಳಿಗೆ ಮಗ್ಗಿಯೂ ನೆಟ್ಟಗೆ ಬರಲ್ಲ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಮ್ಮ. ನನಗಾಗ ಹತ್ತು ವರ್ಷ. ಅದಾಗಿ ಒಂದು ವಾರಕ್ಕೆ ನೀನು ಚೀಲ ಹಿಡಿದು ನಿಂತು, ಬರ್ತೀಯಾ ಎಂದು ಕೇಳಿದೆ. ನಾನು ಬರಲ್ಲ ಎಂದೆ.

ಹನ್ನೆರಡನೆಯ ವಯಸ್ಸಿನಲ್ಲಿ ಚಿಕ್ಕಮ್ಮ ನನ್ನನ್ನು, ಮನೆ ಬಿಟ್ಟ ಮೇಲೆ ನೀನು ಹಾಕಿದ್ದ ಕನ್ನಡಕದ ಅಂಗಡಿಗೆ ಕರೆತಂದಿದ್ದಳಲ್ಲ. ಬಿಗುಮಾನದಿಂದ ಸ್ಟೂಲಿನ ಮೇಲೆ ಕೂತಿದ್ದೆ. ನೀನು ಗಾಜನ್ನು ಸಾಣೆಚಕ್ರಕ್ಕೆ ಹಿಡಿದಿದ್ದೆ. ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆರಳಿನ ಸಂದಿಯಲ್ಲಿ ಬೆಳ್ಳಗಿನ ಕೆಸರು. ಆಗಾಗ ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಅಷ್ಟು ನಿರಾಳವಾದ ನಿನ್ನ ಮುಖವನ್ನು ನಾನು ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಹಾಗಂತ ಅವತ್ತು ನಿನಗೆ ಹೇಳಲಿಲ್ಲ.

ಹಗಲಯ್ಯನಿಗೂ ಮನೆ ಬಿಟ್ಟುಹೋದ ಹೆಂಡತಿಯೊಬ್ಬಳನ್ನು ಬರೆದು, ಅವಳಿಗೆ ಆ ಮುಖವನ್ನೇ ಕೊಟ್ಟೆ. ನನ್ನ ಕಥೆಯಲ್ಲಿ ಅವಳ ಅಪ್ಪ ಬರುವುದಿಲ್ಲ. ಸಾಣೆ ಹಿಡಿಯುವವಳು ಅವಳೇ. ಹಗಲಯ್ಯನ ಉರಿಗೆ ಹೊಲ ಒಣಗಿದೆ, ಜನ ಕಣ್ಣು ಬಿಡಲಾರರು. ಆಟಗಾರರು ಅವನನ್ನು ಸೋಲಿಸಬೇಕಾಗಿಲ್ಲ. ಅವಳ ಚಕ್ರದ ಮುಂದೆ ಬಂದು ಕೂರುವಂತೆ ಒಪ್ಪಿಸಬೇಕು, ಅಷ್ಟೇ. ಅವನಾಗಿಯೇ ಕೂತರೆ ಮಾತ್ರ ಚಕ್ರ ತಿರುಗುತ್ತದೆ. ಉದುರಿದ ಬೆಳಕಿನ ಪುಡಿಯನ್ನು ಜನ ಮನೆಮನೆಗೆ ಒಯ್ಯುತ್ತಾರೆ.

ಒಂಬತ್ತನೆಯ ದಿನ ಟೆಸ್ಟರ್ ಆಡಿದಳು. ಬೈದಳು, ಬೇಡಿಕೊಂಡಳು, ಹೊಗಳಿದಳು, ನಾಲ್ಕು ಸಲ ಅವನು ಎದ್ದು ಹೋದ. ಐದನೆಯ ಸಲ ಹೊಗಳುವುದನ್ನು ಬಿಟ್ಟು, ನಿನ್ನಿಂದ ಏನೇನು ಸುಟ್ಟಿದೆ ನೋಡು ಎಂದು ಅವನನ್ನು ಒಣಗಿದ ಹೊಲಗಳಲ್ಲೆಲ್ಲ ನಡೆಸಿಕೊಂಡು ಬಂದಳು. ಅವನು ಕೂತ. ಅವಳು ಹೆಡ್‌ಫೋನ್ ತೆಗೆದಿಟ್ಟಳು.

"ಮೊದಲು ಒದೀಬೇಕು ಅನ್ನಿಸ್ತು. ಆಮೇಲೆ ಪಾಪ ಅನ್ನಿಸ್ತು," ಎಂದಳು. ಯಜಮಾನರು ಅವಳ ಬೆನ್ನ ಹಿಂದೆಯೇ ನಿಂತಿದ್ದರು. "ಸೂರ್ಯ ಇರಲಿ," ಎಂದಷ್ಟೇ ಹೇಳಿ ಹೋದರು. ಚಿತ್ರದವಳು ನನ್ನನ್ನು ಅಪ್ಪಿಕೊಂಡಳು.

ಮನೆಯಲ್ಲಿ ಅಪ್ಪನಿಗೂ ಆಡಲು ಕೊಟ್ಟೆ. ಈಗ ಪಾಠವಿಲ್ಲ, ಅವರಿಗೂ ಹೊತ್ತು ಹೋಗುವುದಿಲ್ಲ. ಒಂದು ಗಂಟೆ ಒದ್ದಾಡಿದರು. "ಇವನೇನು ಇಷ್ಟು ಮೊಂಡ?" ಎಂದರು. ಸಾಣೆಯ ಮುಂದೆ ಕೂತ ಹೆಂಗಸನ್ನು ಬಹಳ ಹೊತ್ತು ನೋಡಿ, "ಆ ಪುಸ್ತಕದ ಮೇಲೆ ನಿಮ್ಮಮ್ಮನ ಹೆಸರೂ ಇರಬೇಕಿತ್ತು ಕಣೇ," ಎಂದರು. ಹೇಳಿ ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದರು. ಇದನ್ನು ನಿನಗೆ ತಿಳಿಸಲೇ ಎಂದು ಕೇಳಿದೆ. ತಿಳಿಸು ಎಂದರು.

ಈಗ ನನಗೆ ನಿನ್ನಿಂದ ಎರಡು ಕೆಲಸ ಆಗಬೇಕು. ಚಕ್ರದ ಮೇಲೆ ಕೈ ಹೇಗೆ ಕೂರುತ್ತದೆಂದು ಚಿತ್ರದವಳಿಗೆ ಗೊತ್ತಾಗುತ್ತಿಲ್ಲ. ರೊಟ್ಟಿ ತಟ್ಟುವ ಹಾಗೆ ಬರೆದಿದ್ದಾಳೆ. ಎರಡು ದಿನ ಬಂದು ತೋರಿಸಿಕೊಡು. ಇನ್ನೊಂದು, ಟೆಸ್ಟರ್ ಕೇಳಿದ ಪ್ರಶ್ನೆ: ಎಲ್ಲ ಆದಮೇಲೆ ಅವಳು ಅವನ ಮನೆಗೆ ವಾಪಸ್ ಹೋಗ್ತಾಳಾ? ನಾನಿನ್ನೂ ಬರೆದಿಲ್ಲ. ನೀನು ಹೇಳಿದ ಹಾಗೆ ಬರೆಯುತ್ತೇನೆ. ಹೋಗಲ್ಲ ಎಂದರೂ ಸರಿ. ಅವಳು ತನ್ನ ಅಂಗಡಿಯಲ್ಲೇ ಇದ್ದು, ಅವನು ದಿನಾ ಆ ಬೀದಿಯಲ್ಲಿ ಮೆತ್ತಗೆ ಹಾದುಹೋದರೂ ನನಗೆ ಅದು ಒಳ್ಳೆಯ ಮುಕ್ತಾಯವೇ.

ಬರುವ ಬಸ್ಸು ತಿಳಿಸು. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಅಂದಿನ ಹಟಮಾರಿ,
ಇಂದಿನ ಮಗಳು

ತಾ. ಕ.: ಮೊದಲ ವರ್ಷ ನೀನು ನನಗೆ ಬರೆದ ಹನ್ನೊಂದು ಕಾಗದಗಳನ್ನು ಅಪ್ಪ ಮುಚ್ಚಿಟ್ಟರೆಂದು ಚಿಕ್ಕಮ್ಮನ ಹತ್ತಿರ ಹೇಳಿದ್ದೀಯಂತೆ. ಅವರಲ್ಲ ಅಮ್ಮ. ಅವರಿಗೆ ಕಾಗದ ಬಂದದ್ದೇ ಗೊತ್ತಿಲ್ಲ. ಶಾಲೆಯಿಂದ ಬರುವಾಗ ಅಂಚೆಯವನ ಕೈಯಿಂದ ಇಸಿದುಕೊಂಡು, ಒಡೆಯದೆ ನನ್ನ ಹಳೆಯ ಸ್ಕೂಲ್ ಬ್ಯಾಗಿನ ತಳದಲ್ಲಿ ಇಟ್ಟವಳು ನಾನು. ಬಿಸಾಡಲು ಮಾತ್ರ ಕೈ ಬರಲಿಲ್ಲ. ಕಳೆದ ವಾರ ಎಲ್ಲವನ್ನೂ ಓದಿದೆ. ಎರಡನೆಯದರಲ್ಲಿ ನನ್ನ ಕೋರೆಹಲ್ಲು ಬಂತೇ ಎಂದು ಕೇಳಿದ್ದೀಯ. ಬಂತು. ಸ್ವಲ್ಪ ಸೊಟ್ಟಗೆ ಬಂತು. ಉಳಿದ ಪ್ರಶ್ನೆಗಳಿಗೆ ನೀನು ಬಂದಾಗ ಒಂದೊಂದಾಗಿ ಉತ್ತರ ಹೇಳುತ್ತೇನೆ.